ಪಾರ್ಲರ್ ಕುರ್ಚಿಯಲ್ಲಿ ದಾಕ್ಷಿಣ್ಯ ಬೇಡ: ಕೂದಲು, ಚರ್ಮ, ದುಡ್ಡು ಮೂರನ್ನೂ ಉಳಿಸಿಕೊಳ್ಳುವ ಬಗೆ

ತಮ್ಮನ ಮದುವೆಗೆ ಹದಿನೆಂಟು ದಿನ ಇತ್ತು. ಸೀಳಿದ ತುದಿಯನ್ನು ಎರಡು ಬೆರಳಷ್ಟು ಟ್ರಿಮ್ ಮಾಡಿಸಿಕೊಂಡು ಬರೋಣ ಅಂತ ಹೋದವಳು, ನಾಲ್ಕೂವರೆ ಗಂಟೆ ಆದಮೇಲೆ ಸ್ಮೂದನಿಂಗ್ (ಕ್ರೀಮು ಹಚ್ಚಿ, ಇಸ್ತ್ರಿ ಮಾಡಿ ಕೂದಲು ನೇರ ಮಾಡುವುದು) ಮಾಡಿಸಿಕೊಂಡು ಹೊರಗೆ ಬಂದೆ. ಕುರ್ಚಿಯಲ್ಲಿ ಕೂತ ಎರಡನೇ ನಿಮಿಷಕ್ಕೆ ಪಾರ್ಲರಿನ ಹುಡುಗಿ ನನ್ನ ಕೂದಲಿನ ತುದಿಯನ್ನು ಬೆರಳಲ್ಲಿ ಉಜ್ಜಿ, ಕನ್ನಡಿಯೊಳಗಿಂದ ನನ್ನನ್ನೇ ನೋಡುತ್ತಾ, "ಮೇಡಂ, ತುಂಬಾ ಡ್ಯಾಮೇಜ್ ಆಗಿದೆಯಲ್ಲಾ, ಮದುವೆ ಫೋಟೋದಲ್ಲೂ ಹೀಗೇ ಬರತ್ತೆ" ಅಂದಳು. ಅಷ್ಟೇ ಸಾಕಾಯಿತು. ಬಾಯಲ್ಲಿ ₹4,500 ಅಂದಿದ್ದು ಬಿಲ್ಲಿನಲ್ಲಿ ₹7,200 ಆಗಿತ್ತು. ಯಾಕೆ ಅಂದರೆ, "ನಿಮ್ಮದು ಉದ್ದ ಕೂದಲು ಅಲ್ವಾ ಮೇಡಂ."

ಮೂರನೇ ದಿನ ಮನೆಯಲ್ಲಿ ತಲೆ ತೊಳೆದು ಒದ್ದೆ ಕೂದಲಿಗೆ ಬಾಚಣಿಗೆ ಹಾಕಿದೆ. ಕಿವಿಯ ಮೇಲಿನ ಒಂದು ಎಳೆ ಬೆಂದ ಶಾವಿಗೆ ಥರ ಉದ್ದಕ್ಕೆ ಎಳೆದುಕೊಂಡು ಹೋಗಿ ಟಪ್ಪಂತ ತುಂಡಾಯಿತು. ಇನ್ನೊಂದು ಎಳೆಯನ್ನು ಬೆರಳಲ್ಲೇ ಹಿಡಿದು ನೋಡಿದೆ, ಅದೂ ಹಾಗೇ. ಮದುವೆಯ ಫೋಟೋಗಳಲ್ಲಿ ನನ್ನ ಎಡಗಿವಿಯ ಮೇಲೆ ಒಂದು ದೊಡ್ಡ ಮಲ್ಲಿಗೆ ದಂಡೆ ಇದೆ. ಅದು ಅಲಂಕಾರಕ್ಕೆ ಮುಡಿದದ್ದಲ್ಲ.

ಆಮೇಲೆ ಕೂತು ಯೋಚಿಸಿದರೆ, ತಪ್ಪೆಲ್ಲ ಅವರದ್ದೇ ಅಂತ ಹೇಳುವ ಹಾಗಿರಲಿಲ್ಲ. ಕ್ರೀಮ್ ಹಚ್ಚಿದಾಗ ನೆತ್ತಿ ಚುರುಗುಟ್ಟುತ್ತಿತ್ತು. "ಉರೀತಿದೆಯಾ ಮೇಡಂ?" ಅಂತ ಅವಳು ಕೇಳಿಯೂ ಇದ್ದಳು. ನಾನು "ಇಲ್ಲ ಇಲ್ಲ, ಪರವಾಗಿಲ್ಲ" ಅಂದೆ! ದಾಕ್ಷಿಣ್ಯಕ್ಕೆ ಬಸಿರಾಗುವುದು ಅಂತಾರಲ್ಲ, ಹಾಗೆ. ಪಾರ್ಲರಿನಲ್ಲಿ ಕೆಟ್ಟ ಅನುಭವ ಆದವರನ್ನು ಕೇಳಿ ನೋಡಿ, ಹತ್ತರಲ್ಲಿ ಎಂಟು ಕಥೆಗಳಲ್ಲಿ ಈ "ಪರವಾಗಿಲ್ಲ" ಇದ್ದೇ ಇರುತ್ತದೆ. ಹಾಗಾಗಿ ಈ ಲೇಖನದಲ್ಲಿ ಯಾವ ಹಂತದಲ್ಲಿ ಏನು ನೋಡಬೇಕು ಅನ್ನುವುದರ ಜೊತೆಗೆ, ಬಾಯಿಬಿಟ್ಟು ಏನು ಹೇಳಬೇಕು ಅನ್ನುವುದನ್ನೂ ಬರೆಯುತ್ತಿದ್ದೇನೆ.

ಹಂತ 1: ಹೋಗುವ ಮೊದಲು ಒಂದು ಫೋನ್

ಮೂರು ಪ್ರಶ್ನೆ ಸಾಕು. "ನನ್ನ ಕೂದಲು ಸೊಂಟದವರೆಗಿದೆ, ಎಲ್ಲ ಸೇರಿ ಎಷ್ಟಾಗತ್ತೆ?" "ಕಲರ್ ಮಾಡೋ ಮೊದಲು ಪ್ಯಾಚ್ ಟೆಸ್ಟ್ ಮಾಡ್ತೀರಾ?" "ಯಾರು ಮಾಡ್ತಾರೆ, ಅವರು ಆ ದಿನ ಇರ್ತಾರಾ?" ಮೊದಲನೆಯದಕ್ಕೆ "ಬನ್ನಿ ಮೇಡಂ, ನೋಡಿ ಹೇಳ್ತೀವಿ" ಅಂದರೆ ತಪ್ಪಿಲ್ಲ, ಕೂದಲು ನೋಡದೆ ನಿಖರವಾಗಿ ಹೇಳುವುದು ಕಷ್ಟವೇ. ಆದರೆ ಕಡಿಮೆ ಅಂದರೆ ಎಷ್ಟು, ಜಾಸ್ತಿ ಅಂದರೆ ಎಷ್ಟು ಅಂತಲಾದರೂ ಹೇಳಬೇಕು. ಎರಡನೆಯದು, ಅಂದರೆ ಡೈಯನ್ನು ಚರ್ಮಕ್ಕೆ ಒಂದು ಚುಕ್ಕೆ ಹಚ್ಚಿ ಅಲರ್ಜಿ ನೋಡುವ ಟೆಸ್ಟು, ಅದಕ್ಕೆ "ಅದೆಲ್ಲ ಬೇಡ ಮೇಡಂ, ನಮ್ಮದು ಅಮೋನಿಯಾ ಫ್ರೀ" ಅಂದರೆ ಅಲ್ಲಿಗೆ ಕಲರ್ ಮಾಡಿಸಲು ಹೋಗಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇನ್ನು ದಿನ. ನಮ್ಮಲ್ಲಿ ಬಹಳಷ್ಟು ಕಟಿಂಗ್ ಶಾಪುಗಳಿಗೆ ಮಂಗಳವಾರ ರಜಾ, ಭಾನುವಾರ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ದೊಡ್ಡ ಕೆಲಸ ಇದ್ದರೆ ಬುಧವಾರವೋ ಗುರುವಾರವೋ ಬೆಳಿಗ್ಗೆ ಹೋಗಿ. ಮದುವೆ, ಗೃಹಪ್ರವೇಶ, ನಾಮಕರಣ ಅಂತ ಏನಾದರೂ ಇದ್ದರೆ ಹಿಂದೆಂದೂ ಮಾಡಿಸದ ಟ್ರೀಟ್‌ಮೆಂಟನ್ನು ಅದಕ್ಕೆ ಒಂದು ತಿಂಗಳು ಇರುವಾಗಲೇ ಮಾಡಿಸಿ ಮುಗಿಸಿ, ಇಲ್ಲವಾದರೆ ಆ ಸಲಕ್ಕೆ ಬಿಟ್ಟೇಬಿಡಿ. ಫೇಶಿಯಲ್ ಆದರೂ ಅಷ್ಟೇ. ಹಿಂದಿನ ದಿನ ಹೊಸ ಫೇಶಿಯಲ್ ಮಾಡಿಸಿಕೊಂಡು ಮಾರನೇ ದಿನ ಕೆನ್ನೆ ತುಂಬಾ ಕೆಂಪು ಗುಳ್ಳೆ ಹೊತ್ತುಕೊಂಡು ಆರತಿ ಎತ್ತಿದವರನ್ನು ನಾನೇ ನೋಡಿದ್ದೇನೆ.

ಹಂತ 2: ಕುರ್ಚಿಗೆ ಕೂತ ಮೇಲೆ, ಅವರು ಕೈ ಹಾಕುವ ಮೊದಲು

ಇಲ್ಲಿ ನಾವು ಮುಚ್ಚಿಡುವ ವಿಷಯಗಳೇ ಆಮೇಲೆ ನಮಗೆ ತಿರುಗುವುದು. ನಾನು ಮುಚ್ಚಿಟ್ಟದ್ದು ಮೆಹೆಂದಿ. ಬೇಕಂತ ಅಲ್ಲ, ಅದೂ ಒಂದು "ಕೆಮಿಕಲ್" ಲೆಕ್ಕಕ್ಕೆ ಬರುತ್ತದೆ ಅಂತಲೇ ಹೊಳೆಯಲಿಲ್ಲ. ಮನೆಯ ಮದರಂಗಿ ಸೊಪ್ಪು ಅರೆದು ಹಚ್ಚಿದ್ದರೆ ಅದು ಕೂದಲಿನ ಮೇಲೊಂದು ಪದರವಾಗಿ ಕೂರುತ್ತದೆ, ಟ್ರೀಟ್‌ಮೆಂಟ್ ಒಂದು ಕಡೆ ಹಿಡಿದು ಇನ್ನೊಂದು ಕಡೆ ಹಿಡಿಯುವುದಿಲ್ಲ. ಅಂಗಡಿಯ ಪುಡಿ ಪ್ಯಾಕೆಟ್ಟುಗಳ ಕಥೆ ಇನ್ನೂ ಬೇರೆ. ಕೆಲವುದರಲ್ಲಿ ಲೋಹದ ಲವಣಗಳು ಸೇರಿರುತ್ತವೆ. ಬ್ಲೀಚ್, ಕಲರ್, ಸ್ಮೂದನಿಂಗಿನ ಕೊನೆಗೆ ಹಾಕುವ ನ್ಯೂಟ್ರಲೈಸರ್ ಇವುಗಳಲ್ಲಿ ಸಾಮಾನ್ಯವಾಗಿ ಹೈಡ್ರೋಜನ್ ಪೆರಾಕ್ಸೈಡ್ ಇರುತ್ತದೆ, ಆ ಲವಣದ ಜೊತೆ ಅದು ಸೇರಿದರೆ ಬಿಸಿ ಹುಟ್ಟಿ ಕೂದಲು ಬೆಂದೇ ಹೋಗಬಹುದು. ಆದ್ದರಿಂದ ಕಳೆದ ನಾಲ್ಕು ವರ್ಷದಲ್ಲಿ ತಲೆಗೆ ಏನೇನು ಬಿದ್ದಿದೆ ಎಂದು ನೀವೇ ಮುಂದಾಗಿ ಹೇಳಿ: ಮೆಹೆಂದಿ, ಡೈ, ಹಳೇ ಸ್ಟ್ರೈಟನಿಂಗ್, ಎಲ್ಲ. ಉದ್ದ ಕೂದಲಿನ ತುದಿಗೆ ನಾಲ್ಕು ವರ್ಷ ವಯಸ್ಸಾಗಿರುತ್ತದೆ ಅನ್ನುವುದು ನೆನಪಿರಲಿ.

ಮೊಡವೆಗೆ ಅಡಾಪಲೀನ್ ಅಥವಾ ಟ್ರೆಟಿನಾಯಿನ್ ಕ್ರೀಮ್ ಹಚ್ಚುತ್ತಿದ್ದರೆ, ಮುಖದ ವ್ಯಾಕ್ಸಿಂಗಿಗೂ ಥ್ರೆಡಿಂಗಿಗೂ ಮೊದಲು ಅದನ್ನು ಹೇಳಲೇಬೇಕು. ಆ ಕ್ರೀಮುಗಳಿಂದ ಮೇಲ್ಪದರ ತೆಳುವಾಗಿರುತ್ತದೆ, ವ್ಯಾಕ್ಸ್ ಪಟ್ಟಿ ಎಳೆದಾಗ ಕೂದಲಿನ ಜೊತೆ ಚರ್ಮವೂ ಎದ್ದು ಬರಬಹುದು. ವಾರ ಮುಂಚೆಯೇ ಕ್ರೀಮ್ ನಿಲ್ಲಿಸಿರಬೇಕು. ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುವವರು ಅದು ಮುಗಿದ ಮೇಲೂ ಆರು ತಿಂಗಳು ವ್ಯಾಕ್ಸಿಂಗ್ ತಂಟೆಗೆ ಹೋಗಬಾರದು. ಸಕ್ಕರೆ ಕಾಯಿಲೆ ಇದ್ದವರು ಪೆಡಿಕ್ಯೂರಿನವರಿಗೆ ಹೇಳಿ, ಹಿಮ್ಮಡಿಗೆ ಬ್ಲೇಡು ಹಾಕಲು ಬಿಡಬೇಡಿ.

ಕಟಿಂಗ್ ಮಾತ್ರ ಅಂದರೆ ಅಳತೆಯದ್ದೇ ಜಗಳ. "ಸ್ವಲ್ಪ" ಅನ್ನುವ ಪದವನ್ನು ಪಾರ್ಲರಿನ ಬಾಗಿಲಲ್ಲೇ ಬಿಟ್ಟು ಬನ್ನಿ. ನಮ್ಮ "ಸ್ವಲ್ಪ" ಒಂದಿಂಚು, ಅವರ "ಸ್ವಲ್ಪ" ನಾಲ್ಕಿಂಚು. ಬೆಂಗಳೂರಿನ ಸಲೂನುಗಳಲ್ಲಿ ಕತ್ತರಿ ಹಿಡಿಯುವವರಲ್ಲಿ ಬಹಳ ಮಂದಿ ಈಶಾನ್ಯ ರಾಜ್ಯಗಳಿಂದಲೋ ಉತ್ತರದಿಂದಲೋ ಬಂದವರು. ಅವರಿಗೆ ನಮ್ಮ ಕನ್ನಡ ಅರ್ಧ, ನಮಗೆ ಅವರ ಹಿಂದಿ ಅರ್ಧ. ಮಾತಿಗಿಂತ ಬೆರಳು ವಾಸಿ. ತುದಿಯನ್ನು ಭುಜದ ಮುಂದಕ್ಕೆ ತಂದುಕೊಂಡು, ನಿಮ್ಮದೇ ಬೆರಳನ್ನು ಅಡ್ಡ ಇಟ್ಟು, "ಇಲ್ಲಿಗೆ. ಇದಕ್ಕಿಂತ ಮೇಲೆ ಬೇಡ" ಅನ್ನಿ. ಗುಂಗುರು ಕೂದಲಿನವರು ಒದ್ದೆಯಲ್ಲಿ ಅಳತೆ ಕೊಡಲೇಬೇಡಿ, ಒಣಗಿದ ಮೇಲೆ ಅದು ಎರಡಿಂಚು ಮೇಲೇರಿ ಕೂರುತ್ತದೆ. ಫೋಟೋ ತೋರಿಸುವುದಾದರೆ ನಿಮ್ಮಂಥದೇ ಕೂದಲಿರುವವರ ಫೋಟೋ ತೋರಿಸಿ. ರೇಷ್ಮೆಯಂಥ ನೇರ ಕೂದಲಿನ ನಟಿಯ ಸ್ಟೆಪ್ ಕಟ್ಟನ್ನು ಗುಂಗುರಿನ ಮೇಲೆ ಇಳಿಸಲು ಯಾರಿಂದಲೂ ಆಗುವುದಿಲ್ಲ.

ಕೊನೆಗೆ ರೇಟು. "ಒಟ್ಟು ಎಷ್ಟು? ಟ್ಯಾಕ್ಸು, ವಾಶು, ಬ್ಲೋ ಡ್ರೈ ಎಲ್ಲ ಸೇರಿ ಹೇಳಿ." ಇದನ್ನು ರಿಸೆಪ್ಶನ್ನಿನಲ್ಲಿ ಕೇಳಿ, ಸಾಧ್ಯವಾದರೆ ವಾಟ್ಸ್ಯಾಪಿನಲ್ಲಿ ಹಾಕಿಸಿಕೊಳ್ಳಿ. ನಡುವೆ ಯಾವುದಾದರೂ "ಸ್ಪಾ" ಅಥವಾ "ಆಂಪೂಲ್" ಪ್ರಸ್ತಾಪ ಬಂದರೆ, "ಅದು ಬೇರೆ ಚಾರ್ಜಾ, ಇದರಲ್ಲೇ ಇದೆಯಾ?" ಅಂತ ಆಗಲೇ ಕೇಳಿ. ಎಷ್ಟೋ ಕಡೆ ಆ ಹುಡುಗಿಯರಿಗೆ ತಿಂಗಳ ಟಾರ್ಗೆಟ್ ಇರುತ್ತದೆ, ಮುಟ್ಟದಿದ್ದರೆ ಇನ್ಸೆಂಟಿವ್ ಹೋಗುತ್ತದೆ. "ಡ್ಯಾಮೇಜ್ ಆಗಿದೆ ಮೇಡಂ" ಅನ್ನುವುದು ಅವರ ಕೆಲಸದ ಭಾಗ. ಅವರ ಮೇಲೆ ರೇಗಬೇಕಾಗಿಲ್ಲ. "ಇವತ್ತು ಬೇಡಮ್ಮ, ಟ್ರಿಮ್ ಅಷ್ಟೇ" ಅಂತ ಎರಡು ಸಲ ಹೇಳಿದರೆ ಮೂರನೇ ಸಲ ಯಾರೂ ಕೇಳುವುದಿಲ್ಲ.

ಹಂತ 3: ಯಾವ ಕೆಲಸದಲ್ಲಿ ಏನು ಕೆಡುತ್ತದೆ

ಸ್ಮೂದನಿಂಗ್, ಕೆರಾಟಿನ್, ಬೊಟಾಕ್ಸ್, ನ್ಯಾನೋಪ್ಲಾಸ್ಟಿಯಾ ಅಂತ ಬೋರ್ಡಿನಲ್ಲಿ ಹೆಸರು ಹತ್ತಿದ್ದರೂ ಮಾಡುವ ಬಗೆ ಎರಡೇ. ಮೊದಲನೆಯದು ರೀಬಾಂಡಿಂಗ್, ಸ್ಮೂದನಿಂಗ್ ಜಾತಿ. ಥಯೋಗ್ಲೈಕೊಲೇಟ್ ಇರುವ ಕ್ರೀಮು ಕೂದಲಿನ ಒಳಗಿನ ಗಂಧಕದ ಬಂಧಗಳನ್ನು ಮುರಿಯುತ್ತದೆ, ಇಸ್ತ್ರಿ ಮಾಡಿ ನೇರ ಮಾಡುತ್ತಾರೆ, ನ್ಯೂಟ್ರಲೈಸರ್ ಹಾಕಿ ಬಂಧಗಳನ್ನು ಮತ್ತೆ ಕೂರಿಸುತ್ತಾರೆ. ಕ್ರೀಮು ಹೊತ್ತು ಮೀರಿ ಇದ್ದರೆ, ಅಥವಾ ಈಗಾಗಲೇ ಸೊರಗಿದ ಕೂದಲ ಮೇಲೆ ಬಿದ್ದರೆ, ಮುರಿದದ್ದು ಕೂರುವುದಿಲ್ಲ. ನನ್ನ ಶಾವಿಗೆ ಆದದ್ದು ಹೀಗೆ. ಆದ್ದರಿಂದ ಕ್ರೀಮು ಹಚ್ಚಿದ ಕೂಡಲೇ ಮೊಬೈಲಿನಲ್ಲಿ ಟೈಮ್ ನೋಡಿಕೊಳ್ಳಿ, "ಎಷ್ಟು ನಿಮಿಷ ಬಿಡಬೇಕು?" ಅಂತ ಕೇಳಿ. ಅವರು ಇನ್ನೊಬ್ಬರಿಗೆ ಐಬ್ರೋ ಮಾಡಲು ಹೋಗಿ ನಿಮ್ಮನ್ನು ಮರೆತರೆ ಕೂಗಿ ಕರೆಯಿರಿ. ಇಡೀ ತಲೆಗೆ ಹಚ್ಚುವ ಮೊದಲು ಕುತ್ತಿಗೆಯ ಹತ್ತಿರದ ಒಂದು ಎಳೆಯ ಮೇಲೆ ಹಾಕಿ ನೋಡುವ ಪದ್ಧತಿ ಇದೆ, ಅದಕ್ಕೆ ಸ್ಟ್ರ್ಯಾಂಡ್ ಟೆಸ್ಟ್ ಅನ್ನುತ್ತಾರೆ. ಕೇಳಿದರೆ ಮಾಡಿಯೇ ಮಾಡುತ್ತಾರೆ, ಕೇಳದಿದ್ದರೆ ಮಾಡುವವರು ಕಡಿಮೆ.

ಎರಡನೆಯದು ಕೆರಾಟಿನ್ ಜಾತಿ. ಇಲ್ಲಿ ಕಷ್ಟ ಹೊಗೆಯದ್ದು. ಹಲವು ದ್ರಾವಣಗಳು ಇಸ್ತ್ರಿಯ ಬಿಸಿಗೆ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೇ ಗುಂಪಿನಲ್ಲಿ ಇಟ್ಟಿದೆ. ಕಣ್ಣು ಉರಿದು ನೀರು ಬಂತು, ಗಂಟಲು ಕೆರೆಯಿತು, ಮಾಡುವವರೇ ಮಾಸ್ಕ್ ಹಾಕಿಕೊಂಡಿದ್ದಾರೆ ಅಂದರೆ ನಿಮಗೂ ಕಿಟಕಿ ತೆರೆದ ಕೋಣೆ ಬೇಕು ಅಂತ ಅರ್ಥ. "ಫಾರ್ಮಾಲಿನ್ ಫ್ರೀ" ಅಂತ ಬರೆದ ಕೆಲವುದರಲ್ಲಿ ಗ್ಲೈಆಕ್ಸಿಲಿಕ್ ಆಮ್ಲ ಇರುತ್ತದೆ. ಅದು ನೆತ್ತಿಯ ಮೂಲಕ ದೇಹಕ್ಕೆ ಸೇರಿ, ಆಕ್ಸಲೇಟ್ ಹರಳಾಗಿ ಮೂತ್ರಪಿಂಡಕ್ಕೆ ಹಾನಿ ಮಾಡಬಹುದು ಎಂದು 2024ರಲ್ಲಿ ಅಮೆರಿಕದ ಪ್ರಮುಖ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿ ಬಂತು. ಆ ವರದಿಯಲ್ಲಿದ್ದ ಮಹಿಳೆಗೆ ಇಪ್ಪತ್ತಾರು ವರ್ಷ, ಪ್ರತಿ ಸಲ ಸ್ಟ್ರೈಟನಿಂಗ್ ಮಾಡಿಸಿಕೊಂಡಾಗಲೂ ವಾಂತಿ, ಬೆನ್ನುನೋವು ಬರುತ್ತಿತ್ತಂತೆ. ಟ್ರೀಟ್‌ಮೆಂಟ್ ಆದ ಮೇಲೆ ಹಾಗೇನಾದರೂ ಆದರೆ "ಗ್ಯಾಸ್ಟ್ರಿಕ್" ಅಂದುಕೊಂಡು ಜೀರಿಗೆ ಕಷಾಯ ಕುಡಿದು ಮಲಗಬೇಡಿ, ಡಾಕ್ಟರಿಗೆ ಹೀಗೆ ಮಾಡಿಸಿದ್ದೆ ಅಂತ ಹೇಳಿ. ಗರ್ಭಿಣಿಯರು ಈ ಎರಡೂ ಜಾತಿಯಿಂದ ದೂರ ಇರುವುದೇ ವಾಸಿ.

ಹೇರ್ ಡೈ ವಿಚಾರಕ್ಕೆ ಬರೋಣ. ಕಪ್ಪು, ಗಾಢ ಕಂದು ಬಣ್ಣಗಳಲ್ಲಿ ಸಾಮಾನ್ಯವಾಗಿ ಪಿಪಿಡಿ ಅನ್ನುವ ರಾಸಾಯನಿಕ ಇರುತ್ತದೆ. ಅಮೋನಿಯಾ ಇಲ್ಲ ಅಂದ ಮಾತ್ರಕ್ಕೆ ಪಿಪಿಡಿ ಇಲ್ಲ ಅಂತಲ್ಲ, ಇವು ಎರಡು ಬೇರೆ ವಸ್ತುಗಳು. ಹತ್ತು ನಿಮಿಷದಲ್ಲಿ ಕಪ್ಪಾಗುವ "ಮೆಹೆಂದಿ"ಯಲ್ಲೂ ಅದೇ ಇರುವುದು, ಶುದ್ಧ ಮದರಂಗಿ ಕೆಂಪು ಕೊಡುತ್ತದೆಯೇ ಹೊರತು ಕಪ್ಪು ಕೊಡುವುದಿಲ್ಲ. ಪಿಪಿಡಿ ಅಲರ್ಜಿಯ ಕಿರಿಕಿರಿ ಏನೆಂದರೆ ಅದು ತಕ್ಷಣ ಕಾಣುವುದಿಲ್ಲ. ಒಂದೆರಡು ದಿನ ಬಿಟ್ಟು ಹಣೆ, ಕಿವಿ, ಕಣ್ಣಿನ ರೆಪ್ಪೆ ಊದಿಕೊಳ್ಳುತ್ತವೆ. ಹತ್ತು ವರ್ಷ ಹಚ್ಚಿಕೊಂಡು ಏನೂ ಆಗದವರಿಗೂ ಹನ್ನೊಂದನೇ ವರ್ಷ ಆಗಬಹುದು. ಅದಕ್ಕೇ ಪ್ಯಾಚ್ ಟೆಸ್ಟ್ 48 ಗಂಟೆ ಮುಂಚೆ ಆಗಬೇಕು: ಕಿವಿಯ ಹಿಂದೆ ಅಥವಾ ಮೊಣಕೈ ಮಡಿಕೆಯಲ್ಲಿ ಒಂದು ಚುಕ್ಕೆ. "ಈಗ ಹಚ್ಚಿ ಹದಿನೈದು ನಿಮಿಷ ನೋಡೋಣ" ಅನ್ನುವುದು ಟೆಸ್ಟೇ ಅಲ್ಲ. ಈ ಪರೀಕ್ಷೆ ಮಾಡಿ ಅಂತಲೂ, ಹುಬ್ಬಿಗೂ ರೆಪ್ಪೆಗೂ ಹಚ್ಚಿದರೆ ಕಣ್ಣೇ ಹೋಗಬಹುದು ಅಂತಲೂ ಡೈ ಪೊಟ್ಟಣದ ಮೇಲೆ ಎಚ್ಚರಿಕೆ ಅಚ್ಚು ಹಾಕಿರುತ್ತಾರೆ. ಹುಬ್ಬಿನ ನರೆಗೂ ಅದನ್ನೇ ಸ್ವಲ್ಪ ತೀಡಿಬಿಡುವ ಪಾರ್ಲರುಗಳು ಆ ಪೊಟ್ಟಣವನ್ನು ಓದಿರುವುದಿಲ್ಲ.

ಹಾಟ್ ವ್ಯಾಕ್ಸ್ ಅಂದರೆ ಒಂದೇ ಮಾತು: ಮೊದಲ ಪಟ್ಟಿಯನ್ನು ಅವರ ಮಣಿಕಟ್ಟಿಗೆ ಹಚ್ಚಿ ನೋಡಲು ಹೇಳಿ. ಒಮ್ಮೆ ಮೈಗೆ ಹಚ್ಚಿದ ಕಡ್ಡಿಯನ್ನು ಮತ್ತೆ ವ್ಯಾಕ್ಸ್ ಡಬ್ಬಿಗೆ ಅದ್ದಿದರೆ ನಿಮಗಿಂತ ಮುಂಚೆ ಬಂದ ಎಲ್ಲರ ಚರ್ಮವೂ ಆ ಡಬ್ಬಿಯಲ್ಲಿದೆ ಅಂತ ತಿಳಿಯಿರಿ. ಬ್ಲೇಡು ನಿಮ್ಮ ಎದುರೇ ಕವರ್ ಬಿಚ್ಚಿ ಹಾಕಬೇಕು. ಇದು ಗಂಡಸರ ಕಟಿಂಗ್ ಶಾಪಿಗೆ ಇನ್ನೂ ಹೆಚ್ಚು ಅನ್ವಯ.

ಕುತ್ತಿಗೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಇದನ್ನು ನಗೆಚಾಟಿಕೆ ಮಾಡುವವರೇ ಜಾಸ್ತಿ. ತಲೆ ತೊಳೆಯುವ ಬೇಸಿನ್ನಿನ ಅಂಚಿಗೆ ಕುತ್ತಿಗೆ ಹಿಂದಕ್ಕೆ ಬಾಗಿಸಿ ಬಹಳ ಹೊತ್ತು ಇಟ್ಟರೆ ಮೆದುಳಿಗೆ ಹೋಗುವ ರಕ್ತನಾಳಕ್ಕೆ ಪೆಟ್ಟಾಗುವುದುಂಟು. 1993ರಲ್ಲಿ ಅಮೆರಿಕದ ನರರೋಗ ವೈದ್ಯರೊಬ್ಬರು ಇಂಥ ಐವರು ಮಹಿಳೆಯರ ಬಗ್ಗೆ ಬರೆದಾಗಿನಿಂದ ಇದಕ್ಕೆ "ಬ್ಯೂಟಿ ಪಾರ್ಲರ್ ಸ್ಟ್ರೋಕ್" ಅನ್ನುವ ಹೆಸರೇ ಬಿದ್ದಿದೆ. 2022ರಲ್ಲಿ ಹೈದರಾಬಾದಿನ ಐವತ್ತು ವರ್ಷದ ಮಹಿಳೆಗೆ ಹೀಗಾಗಿತ್ತು. ಗಂಡಸರಿಗೆ ಅಪಾಯ ಇರುವುದು ಕಟಿಂಗ್ ಆದಮೇಲೆ ಪುಕ್ಕಟೆಯಾಗಿ ಕೊಡುವ ಮಸಾಜಿನಲ್ಲಿ, ಗದ್ದ ಹಿಡಿದು ಲಟಕ್ಕನೆ ತಿರುಗಿಸುತ್ತಾರಲ್ಲ, ಅದರಲ್ಲಿ. 2024ರಲ್ಲಿ ಬಳ್ಳಾರಿಯಲ್ಲಿ ಹಾಗೆ ತಿರುಗಿಸಿಕೊಂಡ ಮೂವತ್ತು ವರ್ಷದವರೊಬ್ಬರು ಕತ್ತಿನ ರಕ್ತನಾಳ ಹರಿದು ಪಾರ್ಶ್ವವಾಯು ಹೊಡೆಸಿಕೊಂಡು ಬೆಂಗಳೂರಿನ ಆಸ್ಪತ್ರೆ ಸೇರಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಅಪರೂಪ, ಹೌದು. ಆದರೆ "ಕತ್ತು ಮುರೀಬೇಡಪ್ಪಾ" ಅನ್ನಲು ಎರಡು ಸೆಕೆಂಡು ಸಾಕು. ಬೇಸಿನ್ನಿಗೆ ತಲೆ ಕೊಡುವಾಗ ಕುತ್ತಿಗೆ ಕೆಳಗೆ ಮಡಿಸಿದ ಟವೆಲ್ ಕೇಳಿ. ತಲೆ ಸುತ್ತಿದರೆ, ಕಣ್ಣು ಮಂಜಾದರೆ ತಕ್ಷಣ ಎದ್ದು ಕೂರಿ.

ಹಂತ 4: ನಡುವೆ ನಿಲ್ಲಿಸುವುದು

ಇದೇ ಕಷ್ಟದ ಹಂತ. ಅರ್ಧ ತಲೆಗೆ ಕ್ರೀಮ್ ಬಳಿದುಕೊಂಡು, ಕುತ್ತಿಗೆಗೆ ಪ್ಲಾಸ್ಟಿಕ್ ಬಟ್ಟೆ ಕಟ್ಟಿಸಿಕೊಂಡು ಕೂತವರ ಧೈರ್ಯ ಎಷ್ಟಿರುತ್ತದೆ ಅಂತ ನನಗೆ ಗೊತ್ತು. ಆದರೂ ಈ ವಾಕ್ಯಗಳನ್ನು ಬಾಯಿಪಾಠ ಮಾಡಿಕೊಳ್ಳಿ:

"ಉರೀತಿದೆ. ಈಗಲೇ ತೊಳೀರಿ." ಇದಕ್ಕೆ ಬರುವ ಉತ್ತರ "ಎರಡೇ ನಿಮಿಷ ಮೇಡಂ". ನೀವು ಕುರ್ಚಿಯಿಂದ ಎದ್ದು ಬೇಸಿನ್ ಕಡೆ ನಡೆಯಿರಿ. ಎದ್ದವರನ್ನು ಯಾರೂ ಕೂರಿಸಲಾರರು.

"ಒಂದ್ನಿಮಿಷ, ಕತ್ತರಿ ಕೆಳಗಿಡಿ. ನಾನು ನೋಡ್ಬೇಕು." ಕಟಿಂಗ್ ಹದ ತಪ್ಪಿದೆ ಅನ್ನಿಸಿದಾಗ ಇದು. ಮೊದಲ ಎರಡು ಕತ್ತರಿಗೇ ಹೇಳಿದರೆ ಉಳಿದ ಕೂದಲಾದರೂ ಉಳಿಯುತ್ತದೆ.

"ಇದನ್ನ ನಾನು ಕೇಳಿಲ್ಲ, ಇದಕ್ಕೆ ದುಡ್ಡು ಕೊಡಲ್ಲ." ಹೇಳದೆ ಕೇಳದೆ ಡಿ-ಟ್ಯಾನ್ ಬಳಿಯಲು ಶುರು ಮಾಡಿದಾಗ.

"ಫೋಟೋ, ವಿಡಿಯೋ ಬೇಡ." ಇನ್‌ಸ್ಟಾಗ್ರಾಮಿಗೆ ಹಾಕುತ್ತೇವೆ ಅಂತ ಕೇಳದೆ ತೆಗೆಯುವವರಿದ್ದಾರೆ. ವ್ಯಾಕ್ಸಿಂಗ್ ಕೋಣೆಯಲ್ಲಿ ಕ್ಯಾಮೆರಾ ಕಂಡರೆ, ಅಥವಾ ಮುಟ್ಟುವ ರೀತಿ ಸರಿ ಇಲ್ಲ ಅನ್ನಿಸಿದರೆ, ಅದು ಗ್ರಾಹಕರ ದೂರಲ್ಲ, ಪೊಲೀಸರ ವಿಷಯ. ಹೊರಗೆ ಬಂದು 112ಕ್ಕೆ ಫೋನ್ ಮಾಡಿ.

ಹಂತ 5: ಕೆಟ್ಟೇ ಹೋದ ಮೇಲೆ, ಮೊದಲ ಒಂದು ಗಂಟೆ

ರಾಸಾಯನಿಕದ ಉರಿಯಾದರೆ ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ತೊಳೆಯಿರಿ. ವ್ಯಾಕ್ಸಿನ ಸುಟ್ಟ ಗಾಯಕ್ಕೂ ತಣ್ಣೀರಿನ ನಲ್ಲಿಯೇ ಮದ್ದು. ಐಸ್, ಟೂತ್‌ಪೇಸ್ಟ್, ಅರಿಶಿನ ಯಾವುದೂ ಬೇಡ. ಕಣ್ಣಿಗೆ ಹೋದರೆ ರೆಪ್ಪೆ ಬಿಡಿಸಿ ಹಿಡಿದು ಹದಿನೈದು ನಿಮಿಷ ನೀರು ಬಿಡಿ, ನಂತರ ಕಣ್ಣಿನ ಡಾಕ್ಟರು. ತುಟಿ, ನಾಲಿಗೆ ಊದಿ ಉಸಿರು ಕಟ್ಟಿದಂತಾದರೆ 108. ಮಿಕ್ಕದ್ದಕ್ಕೆಲ್ಲ ಅದೇ ದಿನ ಅಥವಾ ಮಾರನೇ ದಿನ ಚರ್ಮದ ಡಾಕ್ಟರನ್ನು ಕಾಣಿ, ಚೀಟಿಯಲ್ಲಿ ಕಾರಣವನ್ನೂ ಬರೆಸಿಕೊಳ್ಳಿ. "ಹೇರ್ ಡೈ ನಂತರ" ಅನ್ನುವ ಆ ಮೂರು ಪದ ಮುಂದೆ ಬೆಲೆ ಬಾಳುತ್ತದೆ.

ಪಾರ್ಲರಿನಿಂದ ಹೊರಡುವ ಮೊದಲು ಬಳಸಿದ ಡಬ್ಬಿಯ ಫೋಟೋ ತೆಗೆದುಕೊಳ್ಳಿ: ಹೆಸರು, ಬ್ಯಾಚ್ ನಂಬರ್, ಎಕ್ಸ್‌ಪೈರಿ ದಿನಾಂಕ. ಡಾಕ್ಟರಿಗೂ ಅದು ಬೇಕು. ಬಿಳಿ ಡಬ್ಬಿಗೆ ಸುರಿದಿಟ್ಟ, ಲೇಬಲ್ಲೇ ಇಲ್ಲದ ಕ್ರೀಮಾದರೆ ಅದರ ಫೋಟೋ ಇನ್ನೂ ಮುಖ್ಯ. ನಿಮ್ಮ ಕೂದಲು, ಚರ್ಮದ ಫೋಟೋ ಹಗಲು ಬೆಳಕಿನಲ್ಲಿ, ಅದೇ ಜಾಗದಲ್ಲಿ ನಿಂತು, ಒಂದು ವಾರ ದಿನವೂ ತೆಗೆಯಿರಿ. ಉದುರಿದ ತುಂಡುಗಳನ್ನು ಕವರಿನಲ್ಲಿ ಹಾಕಿಡಿ. ನನ್ನ ಗಂಡ ಅದನ್ನು ನೋಡಿ "ಪತ್ತೇದಾರಿ ಕಾದಂಬರಿ ಶುರುವಾಯ್ತು" ಅಂದಿದ್ದರು. ಆದರೆ ನನಗೆ ದುಡ್ಡು ವಾಪಸ್ ಬಂದದ್ದು ಆ ಕವರಿನಿಂದಲೇ.

ಒಂದು ಎಚ್ಚರಿಕೆ. "ಬನ್ನಿ ಮೇಡಂ, ಫ್ರೀಯಾಗಿ ಸರಿ ಮಾಡಿಕೊಡ್ತೀವಿ" ಅಂತ ಅದೇ ದಿನ ಮತ್ತೊಮ್ಮೆ ಕಲರ್, ಮತ್ತೊಮ್ಮೆ ಕ್ರೀಮ್ ಹಾಕಲು ಕರೆಯುತ್ತಾರೆ. ಸೊಟ್ಟ ಕಟಿಂಗ್ ಆದರೆ ಹೋಗಿ, ಸೀನಿಯರ್ ಒಬ್ಬರು ಸಮ ಮಾಡಲಿ. ರಾಸಾಯನಿಕ ಆದರೆ ಬೇಡವೇ ಬೇಡ. ಬೆಂದ ಕೂದಲನ್ನು ಮತ್ತೆ ಬೇಯಿಸಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಹಂತ 6: ದುಡ್ಡು ವಾಪಸ್ ಕೇಳುವುದು

ಮೊದಲು ಬಿಲ್. ಕೊಡದಿದ್ದರೆ ಕೇಳಿ ಪಡೆಯಿರಿ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಕೊರತೆ ಇದ್ದ ಸೇವೆಗೆ, ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ ಹಣ ಹಿಂತಿರುಗಿಸಲು ನಿರಾಕರಿಸುವುದೂ ಅದೇ ಪಟ್ಟಿಯಲ್ಲಿದೆ. ಹಾಗಾಗಿ ಗೋಡೆಯ ಮೇಲೆ "ನೋ ರೀಫಂಡ್" ಅಂತ ಎಷ್ಟು ದೊಡ್ಡದಾಗಿ ಬರೆದಿದ್ದರೂ ಅದೇ ಕೊನೆಯ ಮಾತಲ್ಲ.

ಬಿಲ್ಲಿನಲ್ಲಿ ಟ್ಯಾಕ್ಸನ್ನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ ಸಲೂನ್ ಮತ್ತು ಬ್ಯೂಟಿ ಸೇವೆಗಳ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. ಟ್ಯಾಕ್ಸ್ ಹಾಕಿದ್ದಾರೆ ಅಂದರೆ ಬಿಲ್ಲಿನಲ್ಲಿ ಹದಿನೈದು ಅಕ್ಷರದ ಜಿಎಸ್‌ಟಿ ನಂಬರ್ ಇರಲೇಬೇಕು, ಕರ್ನಾಟಕದ್ದಾದರೆ ಅದು 29ರಿಂದ ಶುರುವಾಗುತ್ತದೆ. ನಂಬರ್ ಇಲ್ಲದ ಪುಟ್ಟ ಪಾರ್ಲರ್ ಜಿಎಸ್‌ಟಿ ಕೇಳುವ ಹಾಗಿಲ್ಲ.

ಮುಂದೆ, ಮಾತು. ರಿಸೆಪ್ಶನ್ನಿನ ಹುಡುಗಿಯ ಹತ್ತಿರ ಕೂಗಾಡಿ ಪ್ರಯೋಜನ ಇಲ್ಲ, ಅವಳ ಕೈಲಿ ಏನೂ ಇರುವುದಿಲ್ಲ. ಓನರ್ ಅಥವಾ ಮ್ಯಾನೇಜರ್ ನಂಬರ್ ತೆಗೆದುಕೊಂಡು ಬರಹದಲ್ಲಿ ಕಳಿಸಿ. ನಾನು ಕಳಿಸಿದ್ದು ಹೆಚ್ಚುಕಡಿಮೆ ಹೀಗಿತ್ತು: "ಇಂಥ ದಿನ ನಿಮ್ಮಲ್ಲಿ ಸ್ಮೂದನಿಂಗ್ ಮಾಡಿಸಿದ್ದೇನೆ. ಹೇಳಿದ ದರ ₹4,500, ಬಿಲ್ ₹7,200. ಸ್ಟ್ರ್ಯಾಂಡ್ ಟೆಸ್ಟ್ ಮಾಡಿಲ್ಲ, ಹಿಂದೆ ಏನು ಹಚ್ಚಿದ್ದೆ ಅಂತ ಕೇಳಿಲ್ಲ. ಎಡಗಡೆ ಕೂದಲು ಬುಡದಿಂದ ಎರಡಿಂಚಿಗೆ ತುಂಡಾಗಿದೆ, ಫೋಟೋ ಮತ್ತು ಡಾಕ್ಟರ್ ಚೀಟಿ ಲಗತ್ತಿಸಿದ್ದೇನೆ. ಪೂರ್ತಿ ಹಣ ಮತ್ತು ಡಾಕ್ಟರ್ ಫೀಸು ಏಳು ದಿನದಲ್ಲಿ ಕೊಡಬೇಕು. ಇಲ್ಲದಿದ್ದರೆ 1915ಕ್ಕೆ ದೂರು ಕೊಡುತ್ತೇನೆ." ಬೈಗುಳ ಇಲ್ಲ, ಬೆದರಿಕೆ ಇಲ್ಲ, ಕಣ್ಣೀರೂ ಇಲ್ಲ. ನಾಲ್ಕನೇ ದಿನ ₹4,000 ವಾಪಸ್ ಕೊಡಲು ಒಪ್ಪಿದರು. ಪೂರ್ತಿ ಅಲ್ಲ. ಮೆಹೆಂದಿ ವಿಷಯ ನಾನೂ ಹೇಳಿರಲಿಲ್ಲವಾದ್ದರಿಂದ ಅಷ್ಟಕ್ಕೆ ಸುಮ್ಮನಾದೆ.

ಅಲ್ಲಿ ಬಗೆಹರಿಯದಿದ್ದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು. ಅದು ಕೋರ್ಟಲ್ಲ, ನಿಮ್ಮ ದೂರನ್ನು ಅವರಿಗೆ ದಾಟಿಸಿ ಉತ್ತರ ಕೇಳುತ್ತದೆ. ದೊಡ್ಡ ಚೈನ್ ಸಲೂನುಗಳು ಇದಕ್ಕೆ ಓಗೊಡುವುದು ಜಾಸ್ತಿ, ಬೀದಿಯ ಪಾರ್ಲರ್ ಕಿವಿಗೇ ಹಾಕಿಕೊಳ್ಳದೆ ಇರಬಹುದು. ಅದಾದ ಮೇಲೆ ಜಿಲ್ಲಾ ಗ್ರಾಹಕ ಆಯೋಗ. ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು. ಕೊಟ್ಟ ಹಣ ₹5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರು ಕಡ್ಡಾಯ ಅಲ್ಲ, ಘಟನೆ ಆಗಿ ಎರಡು ವರ್ಷದೊಳಗೆ ಹೋಗಬೇಕು. ನೀವು ವಾಸ ಇರುವ ಊರಿನ ಆಯೋಗದಲ್ಲೇ ಹಾಕಬಹುದು, ಪಾರ್ಲರ್ ಇರುವ ಊರಿಗೆ ಅಲೆಯಬೇಕಾಗಿಲ್ಲ. ಆದರೆ ಬೇಗ ಮುಗಿಯುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ₹800ರ ಸೊಟ್ಟ ಕಟಿಂಗಿಗೆ ನಾನಂತೂ ಅಲ್ಲಿಗೆ ಹೋಗಲಾರೆ, ಸುಟ್ಟ ಮುಖಕ್ಕೆ ಹೋಗುತ್ತೇನೆ.

ಎಷ್ಟು ಕೇಳಬೇಕು? ಇದಕ್ಕೆ ದೆಹಲಿಯ ಒಂದು ಪ್ರಕರಣ ನೆನಪಿಡಿ. 2018ರಲ್ಲಿ ಪಂಚತಾರಾ ಹೋಟೆಲೊಂದರ ಸಲೂನಿನಲ್ಲಿ ಹೇಳಿದ್ದಕ್ಕಿಂತ ಬಹಳ ಗಿಡ್ಡ ಕಟಿಂಗ್ ಮಾಡಿದರೆಂದು ಮಹಿಳೆಯೊಬ್ಬರು ದೂರಿದ್ದರು. 2021ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ₹2 ಕೋಟಿ ಪರಿಹಾರ ಹೇಳಿತು, ದೇಶವೆಲ್ಲ ಬಾಯಿ ಮೇಲೆ ಬೆರಳಿಟ್ಟಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ಸೇವೆಯಲ್ಲಿ ಕೊರತೆ ಇತ್ತೆನ್ನುವುದನ್ನು ಮುಟ್ಟದೆ, ಇಷ್ಟು ದೊಡ್ಡ ಮೊತ್ತಕ್ಕೆ ಪುರಾವೆ ಎಲ್ಲಿ ಎಂದು ಕೇಳಿ ಪ್ರಕರಣವನ್ನು ವಾಪಸ್ ಕಳಿಸಿತು. ಹೋದ ಸಂಬಳ, ತಪ್ಪಿದ ಕೆಲಸ, ಆಸ್ಪತ್ರೆ ಖರ್ಚು ಇವುಗಳಿಗೆ ಒಂದೊಂದಕ್ಕೂ ಕಾಗದ ಬೇಕು. ಎಷ್ಟಕ್ಕೆ ಕಾಗದ ಇದೆಯೋ ಅಷ್ಟು ಕೇಳಿ.

ರಿವ್ಯೂ ಬರೆಯುವುದಾದರೆ ಆದದ್ದನ್ನು ಆದ ಹಾಗೆ ಬರೆಯಿರಿ, ದಿನಾಂಕ, ಬಿಲ್, ಫೋಟೋ ಸಮೇತ. ಕೆಲಸದ ಹುಡುಗಿಯ ಹೆಸರು ಹಾಕಬೇಡಿ. ಅವಳ ಕೆಲಸ ಹೋಗುತ್ತದೆ, ಓನರಿಗೆ ಏನೂ ಆಗುವುದಿಲ್ಲ.

ಪ್ಯಾಕೇಜು ಮತ್ತು ಮದುಮಗಳ ಮೇಕಪ್ಪು

"ಹತ್ತು ಸಾವಿರ ಕಟ್ಟಿ, ಹದಿನೈದು ಸಾವಿರದ ಸರ್ವಿಸ್ ತಗೊಳ್ಳಿ" ಅನ್ನುವ ಕಾರ್ಡುಗಳಲ್ಲಿ ಲಾಭ ಇರುವುದು ಅಂಗಡಿ ನಡೆಯುತ್ತಿರುವವರೆಗೆ. ಬಾಡಿಗೆ ಕಟ್ಟಲಾಗದೆ ರಾತ್ರೋರಾತ್ರಿ ಶಟರ್ ಎಳೆದರೆ ನಿಮ್ಮ ಉಳಿದ ದುಡ್ಡು ಅದರ ಒಳಗೇ. ಮೂರು ತಿಂಗಳಲ್ಲಿ ಬಳಸಿ ಮುಗಿಸುವಷ್ಟು ಮಾತ್ರ ಕಟ್ಟಿ, ಅದಕ್ಕೂ ರಸೀದಿ ಇರಲಿ.

ಮದುವೆ ಮೇಕಪ್ಪಿಗೆ ಅಡ್ವಾನ್ಸ್ ಕೊಡುವಾಗ ನಾಲ್ಕು ವಿಷಯ ವಾಟ್ಸ್ಯಾಪಿನಲ್ಲಿ ಇರಲಿ: ಬರುವವರು ಅವರೇನಾ ಅಸಿಸ್ಟೆಂಟಾ, ಛತ್ರಕ್ಕೆ ಎಷ್ಟು ಗಂಟೆಗೆ ಬರುತ್ತಾರೆ, ಸೀರೆ ಉಡಿಸುವುದೂ ಜಡೆಯೂ ಸೇರಿದೆಯಾ, ಬರದಿದ್ದರೆ ಅಡ್ವಾನ್ಸ್ ಗತಿ ಏನು. ಮುಹೂರ್ತ 6.40ಕ್ಕೆ ಇದ್ದರೆ ಅವರಿಗೆ 3 ಗಂಟೆ ಅನ್ನಿ, 3.30ಕ್ಕಾದರೂ ಬರುತ್ತಾರೆ. ಟ್ರಯಲ್ ಮೇಕಪ್ ಒಮ್ಮೆ ಮಾಡಿಸಿ, ಅದರಲ್ಲೇ ನಾಲ್ಕು ಗಂಟೆ ಇದ್ದು ನೋಡಿ. ಕೆಲವು ಅಲರ್ಜಿ ಆಗಲೇ ಗೊತ್ತಾಗುತ್ತದೆ, ಕೆಲವು ಒಂದೆರಡು ದಿನ ಬಿಟ್ಟು.

ಕೂದಲು ಮತ್ತೆ ಬರುವವರೆಗೆ

ತಲೆಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದರಿಂದ ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. ಯಾವ ಎಣ್ಣೆಯೂ ಅದನ್ನು ಮೂರು ಸೆಂಟಿಮೀಟರ್ ಮಾಡುವುದಿಲ್ಲ. ತುಂಡಾದದ್ದು ಬುಡದಿಂದ ಉದುರಿದ್ದಲ್ಲವಾದರೆ ಬೇರು ಗಟ್ಟಿಯಾಗಿಯೇ ಇರುತ್ತದೆ, ಬರುತ್ತದೆ. ನೆತ್ತಿಯಲ್ಲಿ ಹುಣ್ಣಾಗಿ ಆ ಜಾಗ ನುಣ್ಣಗೆ ಹೊಳೆಯುತ್ತಿದ್ದರೆ ಮಾತ್ರ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ. ಅಷ್ಟರವರೆಗೆ ಇಸ್ತ್ರಿ, ಡ್ರೈಯರ್ ಬೇಡ. ಒದ್ದೆ ಕೂದಲು ಬಾಚಬೇಡಿ, ಅಗಲ ಹಲ್ಲಿನ ಬಾಚಣಿಗೆ ಇಟ್ಟುಕೊಳ್ಳಿ, ಬಿಗಿ ಜಡೆ ಬಿಡಿ. ಎರಡು ತಿಂಗಳಿಗೊಮ್ಮೆ ಕೆಟ್ಟ ತುದಿಯನ್ನು ಅರ್ಧರ್ಧ ಇಂಚು ತೆಗೆಸುತ್ತಾ ಬನ್ನಿ.

ನಾನು ಈಗ ಹೋಗುವುದು ಮನೆ ಹತ್ತಿರದ ಎರಡೇ ಕುರ್ಚಿಯ ಪಾರ್ಲರಿಗೆ. ಮೊದಲ ದಿನ ಬೆರಳು ಅಡ್ಡ ಇಟ್ಟು "ಎರಡು ಬೆರಳು. ನನ್ನ ಬೆರಳು, ನಿಮ್ಮದಲ್ಲ" ಅಂದೆ. ಆ ಅಕ್ಕ ತನ್ನ ದಪ್ಪ ಬೆರಳನ್ನೊಮ್ಮೆ, ನನ್ನ ಬೆರಳನ್ನೊಮ್ಮೆ ನೋಡಿ, ಗೊಳ್ಳಂತ ನಕ್ಕು, ಡ್ರಾಯರಿನಿಂದ ಟೈಲರ್ ಟೇಪ್ ತೆಗೆದರು.